ಸ್ನಾನದ ನೀರು ಯಾವ ನದಿಗೆ? ಒಂದು ತಲೆಹರಟೆ ಪ್ರಶ್ನೆಯ ಕಥೆ

(ದೃಶ್ಯ: ಬಚ್ಚಲುಮನೆ. ಹಸಿರು ಬಕೆಟ್, ಅದರಲ್ಲಿ ತೇಲುತ್ತಿರುವ ಮಗ್. ನಲ್ಲಿ ತೊಟ್ಟಿಕ್ಕುತ್ತಿದೆ.)

ನಮಸ್ಕಾರ. ಮಲ್ಲೇಶ್ವರದಲ್ಲಿ, ಕಾಡು ಮಲ್ಲೇಶ್ವರ ಗುಡಿಯ ಹತ್ತಿರ, ಒಬ್ಬರು ಸ್ನಾನ ಮಾಡುತ್ತಿದ್ದಾರೆ ಅಂದುಕೊಳ್ಳಿ. ಅದೇ ಹೊತ್ತಿಗೆ ಇಂದಿರಾನಗರದಲ್ಲಿ ಇನ್ನೊಬ್ಬರು. ಇಬ್ಬರ ನಲ್ಲಿಯಲ್ಲೂ ಬಂದಿದ್ದು ಕಾವೇರಿ ನೀರೇ. ಹಾಗಾದರೆ ಇಬ್ಬರ ಬಚ್ಚಲಿನ ನೀರು ಕೊನೆಗೆ ಯಾವ ನದಿ ಸೇರುತ್ತದೆ?

ಒಂದು ಭಾನುವಾರ ಬೆಳಿಗ್ಗೆ ನಮ್ಮ ವಾಟ್ಸಾಪ್ ಗ್ರೂಪಿಗೆ ಈ ಪ್ರಶ್ನೆ ಹಾಕಿದೆ. ಬೇಡದ ವಿಷಯದಲ್ಲೇ ಆಸಕ್ತಿ ಜಾಸ್ತಿ ಇರುವವರ ಗ್ರೂಪ್ ಅದು. ಮೊದಲ ಉತ್ತರ, "ಮೋರಿಗೆ." ಎರಡನೆಯದು, "ತಿಂಡಿ ಆಯ್ತಾ?" ಮೂರನೆಯವರು ಮಾತ್ರ ಊರಿನ ನಕ್ಷೆ ತೆಗೆದು, ಅದರ ಮೇಲೆ ಕೆಂಪು ಗೆರೆ ಎಳೆದು ಕಳಿಸಿದರು. ಅಷ್ಟೇ. ಮಧ್ಯಾಹ್ನದವರೆಗೆ ಫೋನ್ ಟಣ್ ಟಣ್ ಅನ್ನುವುದು ನಿಲ್ಲಲಿಲ್ಲ.

ಉತ್ತರ ಆಮೇಲೆ ಹೇಳುತ್ತೇನೆ. ಸುಮ್ನೆ ಕಾಯಿಸುತ್ತಿಲ್ಲ, ಅದಕ್ಕೊಂದು ಕಾರಣ ಇದೆ.

(ತೆರೆಯ ಮೇಲೆ: 2014, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಡೇವಿಸ್)

2014ರಲ್ಲಿ ಅಲ್ಲಿನ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಮಿದುಳನ್ನು ಸ್ಕ್ಯಾನ್ ಮಾಡುತ್ತಾ, ಜನರಿಗೆ ಇಂಥದ್ದೇ ತಲೆಹರಟೆ ಪ್ರಶ್ನೆಗಳನ್ನು ತೋರಿಸಿದರು. ಉತ್ತರವನ್ನು ತಕ್ಷಣ ಕೊಡಲಿಲ್ಲ, ಕೆಲವು ಸೆಕೆಂಡ್ ಕಾಯಿಸಿದರು. ಕಾಯುವಾಗ ಮಧ್ಯದಲ್ಲಿ ಯಾರದೋ ಅಪರಿಚಿತರ ಮುಖ ಒಂದು ಬಂದು ಹೋಗುತ್ತಿತ್ತು. ಪ್ರಶ್ನೆಗೂ ಆ ಮುಖಕ್ಕೂ ಸಂಬಂಧವೇ ಇಲ್ಲ.

ಕುತೂಹಲ ಜಾಸ್ತಿ ಇದ್ದ ಪ್ರಶ್ನೆಯ ಉತ್ತರ ಚೆನ್ನಾಗಿ ನೆನಪಿನಲ್ಲಿ ಉಳಿಯಿತು. ಅದು ಬಿಡಿ, ನಾವೂ ಊಹಿಸುತ್ತಿದ್ದೆವು. ಆದರೆ ಕಾಯುವಾಗ ಬಂದು ಹೋದ ಆ ಮುಖವೂ ಹೆಚ್ಚು ನೆನಪಿತ್ತು! ಕುತೂಹಲ ಕೆರಳಿದಾಗ, ಬಹುಮಾನ ಸಿಕ್ಕಾಗ ಚುರುಕಾಗುವ ಮಿದುಳಿನ ಭಾಗಗಳೇ ಚುರುಕಾಗಿದ್ದವು. ಜೊತೆಗೆ ನೆನಪು ಕೂಡಿಡುವ ಹಿಪ್ಪೋಕ್ಯಾಂಪಸ್ ಕೂಡ. ಬಾಗಿಲು ತೆಗೆದಿಟ್ಟಾಗ ಕರೆದ ನೆಂಟರ ಹಿಂದೆ ಕರೆಯದವರೂ ಒಳಗೆ ಬರುತ್ತಾರಲ್ಲ, ಹಾಗೆ.

ಕ್ವಿಜ್ ಹುಚ್ಚಿನವರಿಗೆ ಇದು ಪ್ರಯೋಗ ಇಲ್ಲದೆಯೇ ಗೊತ್ತಿತ್ತು. ನಮ್ಮ ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಶುರುವಾಗಿದ್ದು 1983ರಲ್ಲಿ. ಕ್ವಿಜ್ ಮಂದಿಯ ಬಾಯಲ್ಲಿ ‘ಸಿಟ್ಟರ್’ ಅಂದರೆ ಎಲ್ಲರಿಗೂ ಗೊತ್ತಿರುವ, ಕೂತಲ್ಲೇ ಹೊಡೆಯಬಹುದಾದ ಪ್ರಶ್ನೆ. ಅದಕ್ಕೆ ಮರ್ಯಾದೆ ಕಡಿಮೆ. ಮರ್ಯಾದೆ ಇರುವುದು ‘ವರ್ಕೌಟ್’ ಆಗುವ ಪ್ರಶ್ನೆಗೆ. ಉತ್ತರ ನೇರವಾಗಿ ಗೊತ್ತಿರಬೇಕಾಗಿಲ್ಲ, ಗೊತ್ತಿರುವ ಚೂರುಪಾರು ಜೋಡಿಸಿಕೊಂಡು ತಲುಪಬಹುದು. ಬಚ್ಚಲಿನ ಪ್ರಶ್ನೆ ಅಂಥದ್ದು. ನೀರು ಇಳಿಜಾರಿಗೆ ಹರಿಯುತ್ತದೆ ಅನ್ನುವುದು ಗೊತ್ತಿದ್ದರೆ ಸಾಕು, ಶುರು ಮಾಡಬಹುದು.

ಇದಕ್ಕೆ ಉಲ್ಟಾ ಯಾವುದು ಗೊತ್ತಾ? "ನಿಮಗೆ ಗೊತ್ತೇ?" ಅಂತ ಶುರುವಾಗಿ, ಆರು ಬೆರಗಿನ ಎಮೋಜಿಯಲ್ಲಿ ಮುಗಿಯುವ ಫಾರ್ವರ್ಡ್. ಓದುತ್ತೇವೆ, ಹೆಬ್ಬೆರಳು ಒತ್ತುತ್ತೇವೆ, ಮುಂದಕ್ಕೆ ತಳ್ಳುತ್ತೇವೆ. ತಲೆಗೆ ಕೆಲಸವೇ ಇಲ್ಲ.

(ದೃಶ್ಯ: ಬೇಗೂರು, ನಾಗೇಶ್ವರ ದೇವಸ್ಥಾನದ ಗೋಪುರ. ಹಿಂದೆ ಅಪಾರ್ಟ್‌ಮೆಂಟ್‌ಗಳು.)

ನಮ್ಮ ಗ್ರೂಪಿಗೂ ಅಂಥದ್ದೊಂದು ಬಂತು. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದನಂತೆ. ಒಬ್ಬ ಅಜ್ಜಿ ಬೇಯಿಸಿದ ಕಾಳು ಕೊಟ್ಟಳಂತೆ. ಬೆಂದ ಕಾಳಿನ ಊರು ಬೆಂದಕಾಳೂರು, ಅದೇ ಬೆಂಗಳೂರು. ಇದು ಯಾರಿಗೆ ಗೊತ್ತಿಲ್ಲ ಹೇಳಿ! ಎಲ್ಲರೂ ಹೆಬ್ಬೆರಳು ಒತ್ತಿದರು, ನಾನೂ ಒತ್ತಿದೆ. ಬೇಗೂರಿನಲ್ಲಿ ಮನೆ ಇರುವ ಒಬ್ಬರು ಮಾತ್ರ ಒಂದೇ ಸಾಲು ಬರೆದರು: "ಆ ಅಜ್ಜಿ ಹುಟ್ಟೋದಕ್ಕೂ ಮುಂಚೆ ನಮ್ಮೂರ ಕಲ್ಲಿನ ಮೇಲೆ ಬೆಂಗಳೂರು ಅಂತ ಹೆಸರು ಹೇಗೆ ಬಂತು?"

ಮುಂದಿನ ಭಾನುವಾರ ಐದು ಜನ ಬೇಗೂರಿಗೆ ಹೊರಟೆವು. ಅಲ್ಲಿರುವುದು ಗಂಗರ ಕಾಲದ ವೀರಗಲ್ಲು, ಸುಮಾರು ಕ್ರಿ.ಶ. 890ರದು. ಅಕ್ಷರಗಳು ತುಂಬಾ ಸವೆದಿವೆ. ಬೆಳಕು ನೇರವಾಗಿ ಬಿದ್ದರೆ ಬರೀ ಒರಟು ಕಲ್ಲು, ಏನೂ ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಹಚ್ಚಿ, ಕಲ್ಲಿನ ಪಕ್ಕದಿಂದ ಅಡ್ಡಡ್ಡ ಹಿಡಿದೆವು. ಅಕ್ಷರದ ಗುಂಡಿಗಳಲ್ಲಿ ನೆರಳು ತುಂಬಿತು, ಸಾಲುಗಳು ಎದ್ದು ಬಂದವು. ಹಳಗನ್ನಡ ಲಿಪಿ ನಮಗೆ ಓದಲು ಬರುವುದಿಲ್ಲ. ಫೋನಿನಲ್ಲಿದ್ದ ಶಾಸನದ ಪಠ್ಯ ನೋಡಿಕೊಂಡು, ಕಲ್ಲು ಮುಟ್ಟದೆ, ಗಾಳಿಯಲ್ಲಿ ಬೆರಳಾಡಿಸುತ್ತಾ ಒಂದೊಂದೇ ಅಕ್ಷರ ಹುಡುಕಿದೆವು. ಬೆಂಗಳೂರಿನ ಕಾಳಗ. ಆ ಕಾಳಗದಲ್ಲಿ ಸತ್ತವನು ಬುಟ್ಟಣ ಸೆಟ್ಟಿ. ಸಾವಿರದ ನೂರು ವರ್ಷ ದಾಟಿದೆ, ಸತ್ತವನ ಹೆಸರು ಇನ್ನೂ ಇದೆ.

ಈಗ ಲೆಕ್ಕ ಹಾಕಿ. ಕಾಳಿನ ಕಥೆಯ ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ಅಂದರೆ ದೊರೆಗೆ ಹಸಿವಾಗುವ ಹೊತ್ತಿಗೆ ಊರಿನ ಹೆಸರಿಗೆ ಮುನ್ನೂರು ವರ್ಷದ ಹತ್ತಿರ ವಯಸ್ಸಾಗಿತ್ತು. (ಇಂಥ ಶಾಸನಗಳನ್ನು ಈಗ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಸ್ಥೆಯವರು 3ಡಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ಟಾರ್ಚ್ ಹಿಡಿಯುವ ಮಜಾ ಅದರಲ್ಲಿಲ್ಲ, ಆದರೆ ಅಕ್ಷರ ಚೆನ್ನಾಗಿ ಕಾಣುತ್ತವೆ.)

ಹಾಗಾದರೆ ಕಾಳಿನ ಕಥೆ ಯಾಕೆ ಸಾಯುವುದಿಲ್ಲ? 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರಿಗೆ ಕೆಲವು ಹೇಳಿಕೆಗಳನ್ನು ಕೊಟ್ಟು, ನಿಜ ಅನಿಸುತ್ತದಾ ಅಂತ ಕೇಳಿದರು. ಎರಡೆರಡು ವಾರ ಬಿಟ್ಟು ಇನ್ನೆರಡು ಸಲ ಕೇಳಿದರು. ಕೆಲವು ಹೇಳಿಕೆ ಪ್ರತಿ ಸಲವೂ ಬರುತ್ತಿದ್ದವು. ನಿಜವೋ ಸುಳ್ಳೋ, ಮತ್ತೆ ಮತ್ತೆ ಕೇಳಿದ್ದು ಹೆಚ್ಚು ನಿಜ ಅನಿಸಿತು. ಅಷ್ಟೇ ವಿಷಯ. ನಾವು ಕಾಳಿನ ಕಥೆ ಕೇಳುತ್ತಿರುವುದು ಮೂರು ಸಲ ಅಲ್ಲ, ಒಂದನೇ ಕ್ಲಾಸಿನಿಂದ.

ಕೆಲವರು ಬೇಕಂತಲೇ ಸುಳ್ಳು ಬಿತ್ತುತ್ತಾರೆ. ಅಮೆರಿಕದ ಫ್ರೆಡ್ ವರ್ತ್ ಅನ್ನುವವರು ತಲೆಹರಟೆ ಮಾಹಿತಿಗಳ ಪುಸ್ತಕ ಬರೆದಿದ್ದರು. ಕದ್ದವರನ್ನು ಹಿಡಿಯಲು ಒಂದು ಬಲೆ ಇಟ್ಟಿದ್ದರು. ಟಿವಿ ಪತ್ತೇದಾರ ಕೊಲಂಬೋನ ಮೊದಲ ಹೆಸರು ಫಿಲಿಪ್ ಅಂತ ತಾವೇ ಕಟ್ಟಿ ಸೇರಿಸಿದ್ದರು. ಆ ಫಿಲಿಪ್ ‘ಟ್ರಿವಿಯಲ್ ಪರ್ಸ್ಯೂಟ್’ ಆಟದ ಕಾರ್ಡಿನಲ್ಲಿ ಪ್ರತ್ಯಕ್ಷ! 1984ರಲ್ಲಿ ಕೇಸು ಹಾಕಿದರು, ಸೋತರು. ಮಾಹಿತಿ ಯಾರ ಸ್ವತ್ತೂ ಅಲ್ಲ ಅಂದಿತು ಕೋರ್ಟು.

ನಾನು ಬಲೆ ಇಟ್ಟವನಲ್ಲ, ನಿಜಕ್ಕೂ ತಪ್ಪು ಮಾಡಿದವನು. "ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಸಂಪಂಗಿ ಕೆರೆಯ ಮೇಲೆ" ಅಂತ ಒಮ್ಮೆ ಗ್ರೂಪಿನಲ್ಲಿ ಜೋರಾಗಿ ಬರೆದುಬಿಟ್ಟೆ. ಎಷ್ಟೋ ದಿನದಿಂದ ಮಾತೇ ಆಡದೆ ಕೂತಿದ್ದ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಎರಡೇ ನಿಮಿಷದಲ್ಲಿ ಎದ್ದು ಬಂದರು. "ಅದು ಧರ್ಮಾಂಬುಧಿ ಕೆರೆ ಸ್ವಾಮಿ. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು." ಪ್ರಶ್ನೆಗೆ ಏಳದವರು ತಪ್ಪಿಗೆ ಏಳುತ್ತಾರೆ. ಇದನ್ನು ಉಪಾಯ ಮಾಡಿಕೊಳ್ಳಬಹುದು, ಆದರೆ ಮಾನ ಹೋಗುತ್ತದೆ ನೋಡಿ. ಅವರೀಗ ಪ್ರತಿ ವಾರ ಒಂದು ಪ್ರಶ್ನೆ ಹಾಕುತ್ತಾರೆ. ಎಲ್ಲವೂ ಹಳೆಯ ಬಸ್ ರೂಟಿನ ಮೇಲೆ, ಒಂದೂ ಸಿಟ್ಟರ್ ಅಲ್ಲ.

(ದೃಶ್ಯ: ಬೆಂಗಳೂರಿನ ನಕ್ಷೆ. ನಡುವೆ ಕೆಂಪು ಗೆರೆ.)

ಸರಿ, ಬಚ್ಚಲಿಗೆ ವಾಪಸ್ ಬರೋಣ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ, ಮೂರು ಹಂತದಲ್ಲಿ ಪಂಪ್ ಆಗಿ, ಮೇಲೇರಿ ಬರುತ್ತದೆ. ಯಾಕೆಂದರೆ ಈ ಊರು ಕೂತಿರುವುದು ಒಂದು ದಿಬ್ಬದ ಬೆನ್ನಿನ ಮೇಲೆ. ಆ ಕೆಂಪು ಗೆರೆ ಅದೇ ಬೆನ್ನು. ಗೆರೆಯ ಆಚೆ ಬಿದ್ದ ನೀರಿಗೆ ಒಂದು ದಾರಿ, ಈಚೆ ಬಿದ್ದಿದ್ದಕ್ಕೆ ಇನ್ನೊಂದು.

ಮಲ್ಲೇಶ್ವರದ ಆ ಮನೆಯ ನೀರು, ಶುದ್ಧೀಕರಣ ಘಟಕ ದಾಟಿಯೋ ದಾಟದೆಯೋ, ವೃಷಭಾವತಿ ಸೇರುತ್ತದೆ. ಕೆಂಗೇರಿ ದಾಟಿ, ಅರ್ಕಾವತಿಗೆ ಕೂಡಿ, ಕನಕಪುರದ ಆಚೆ ಸಂಗಮದಲ್ಲಿ ಮತ್ತೆ ಕಾವೇರಿಗೆ. ಅಷ್ಟು ಕರೆಂಟು ಸುಟ್ಟು ಮೇಲೆ ತಂದ ನೀರು, ಸೋಪಿನ ನೊರೆ ಹೊತ್ತುಕೊಂಡು ತವರಿಗೇ ಹೋಗುತ್ತದೆ ಅಲ್ವಾ!

ಇಂದಿರಾನಗರದ ನೀರು ತವರಿಗೆ ಹೋಗುವುದಿಲ್ಲ. ಅದು ಬೆಳ್ಳಂದೂರು, ವರ್ತೂರು ಕೆರೆ ಹಾದು ದಕ್ಷಿಣ ಪಿನಾಕಿನಿ ಸೇರುತ್ತದೆ. ಆ ಕಣಿವೆಯ ನೀರಿನಲ್ಲಿ ಒಂದು ಪಾಲು ಈಗ ಶುದ್ಧವಾಗಿ ಕೋಲಾರದ ಕೆರೆಗಳಿಗೂ ಹೋಗುತ್ತಿದೆ. ಕೊನೆಗೆ ಎರಡು ನದಿಯೂ ಬಂಗಾಳ ಕೊಲ್ಲಿಗೇ ಬೀಳುತ್ತವೆ, ಒಂದು ಪೂಂಪುಹಾರ್ ಬಳಿ, ಇನ್ನೊಂದು ಕಡಲೂರಿನ ಬಳಿ.

ಇನ್ನೊಂದು ಪ್ರಶ್ನೆ ಬಾಕಿ ಇದೆ. ವಿಡಿಯೋ ಹಿಂದಕ್ಕೆ ಎಳೆದು ನೋಡಬೇಡಿ, ಹಾಗೇ ಹೇಳಿ. ಶುರುವಿನಲ್ಲಿ ತೋರಿಸಿದ ಬಕೆಟ್ ಯಾವ ಬಣ್ಣದ್ದು?

(ತೆರೆ ಕಪ್ಪಾಗುತ್ತದೆ. ನಲ್ಲಿ ತೊಟ್ಟಿಕ್ಕುವ ಸದ್ದು ಮಾತ್ರ.)