ಕೆಸುವಿನ ಎಲೆಯಲ್ಲಿ ಬೇಯುವ ಲೌಲೌ

ನಮಸ್ಕಾರ, ಕೇಳುಗರೇ.

ಹವಾಯಿ ದ್ವೀಪಗಳಲ್ಲಿ ಮದುವೆ ಇರಲಿ, ಮಗುವಿನ ಮೊದಲ ಹುಟ್ಟುಹಬ್ಬ ಇರಲಿ, ಊಟಕ್ಕೆ ಲೌಲೌ ಮಾಡುವುದು ರೂಢಿ. ಹಂದಿಮಾಂಸವನ್ನು ಕೆಸುವಿನ ಎಲೆಯಲ್ಲಿ ಸುತ್ತಿ, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ. ಕೆಸು ಅಂದಕೂಡಲೇ ನಮ್ಮ ಮಲೆನಾಡು, ಕರಾವಳಿಯವರಿಗೆ ಪತ್ರೊಡೆ ನೆನಪಾಗುತ್ತದೆ, ಅಲ್ವಾ? ಗಿಡ ಅದೇ. ಶಾಂತಸಾಗರ ದಾಟಿ ಬಂದ ಪಾಲಿನೇಷ್ಯಾದ ಜನ ಅದನ್ನು ತಮ್ಮ ದೋಣಿಗಳಲ್ಲೇ ಹವಾಯಿಗೆ ತಂದರು.

ಅಲ್ಲಿ ಕೆಸು ಬರೀ ತರಕಾರಿಯಲ್ಲ. ಅವರ ಪುರಾಣದಲ್ಲಿ ಆಕಾಶದೇವ ವಾಕೆಯಾನ ಮೊದಲ ಮಗು ಹುಟ್ಟುವಾಗಲೇ ಜೀವವಿರಲಿಲ್ಲ. ಅದನ್ನು ಹೂತ ಜಾಗದಲ್ಲಿ ಕೆಸು ಚಿಗುರಿತು. ಆಮೇಲೆ ಹುಟ್ಟಿದ ತಮ್ಮ ಹಾಲೋವಾ, ಮನುಷ್ಯರ ಮೂಲಪುರುಷ. ಹಾಗಾಗಿ ಕೆಸು ಅವರಿಗೆ ಮನೆಯ ಹಿರಿಯಣ್ಣ. ಈ ಕಥೆ ನನಗೆ ತುಂಬ ಇಷ್ಟ.

ಹಿಂದೆ ಲೌಲೌ ಬೇಯುತ್ತಿದ್ದುದು ಇಮು ಎಂಬ ನೆಲದೊಲೆಯಲ್ಲಿ. ಗುಂಡಿ ತೋಡಿ, ಕಲ್ಲುಗಳನ್ನು ಕೆಂಡದಲ್ಲಿ ಕಾಯಿಸಿ, ಮೇಲೆ ಬಾಳೆದಿಂಡು ಹರಡಿ, ಅಡುಗೆ ಇಟ್ಟು, ಎಲೆ ಮತ್ತು ಮಣ್ಣಿನಿಂದ ಮುಚ್ಚುತ್ತಿದ್ದರು. ಮನೆಯಲ್ಲಾದರೆ ನಮ್ಮ ಇಡ್ಲಿ ಅಟ್ಟದಂಥ ಹಬೆಪಾತ್ರೆ ಸಾಕು.

ಕೊಬ್ಬಿರುವ ಭುಜದ ಮಾಂಸವನ್ನೇ ತನ್ನಿ. ದೊಡ್ಡ ತುಂಡುಗಳಾಗಿ ಕತ್ತರಿಸಿ ಕಲ್ಲುಪ್ಪು ಹಚ್ಚಿ. ಮಸಾಲೆ ಏನೂ ಬೇಡ. ಒಂದು ಪೊಟ್ಟಣಕ್ಕೆ ನಾಲ್ಕೈದು ಕೆಸುವಿನ ಎಲೆ. ತೊಟ್ಟು, ದಪ್ಪ ನರ ತೆಗೆದು ಒಂದರ ಮೇಲೊಂದು ಜೋಡಿಸಿ. ನಡುವೆ ಮಾಂಸ, ಒಂದು ಚೂರು ಕೊಬ್ಬು, ಒಂದು ತುಂಡು ಉಪ್ಪು ಹಾಕಿದ ಮೀನು. ಅಲ್ಲಿನವರು ಬಟರ್‌ಫಿಶ್ ಬಳಸುತ್ತಾರೆ. ಎಲೆಗಳನ್ನು ಮಡಚಿ ಬಿಗಿಯಾಗಿ ಸುತ್ತಿ. ಹೊರಗೆ ಕೀ ಎಂಬ ಗಿಡದ ಎರಡು ಉದ್ದ ಎಲೆ ಅಡ್ಡಡ್ಡ ಸುತ್ತಿ ಕಟ್ಟಬೇಕು. ಅದು ಸಿಗದಿದ್ದರೆ ಬಾಡಿಸಿದ ಬಾಳೆಎಲೆ ಆಗುತ್ತದೆ. ಹೊರಗಿನ ಎಲೆಯನ್ನು ತಿನ್ನುವುದಿಲ್ಲ. ಒಳಗಿನದು ಪೂರ್ತಿ ಊಟಕ್ಕೆ.

ಇನ್ನು ಮುಖ್ಯವಾದ ಮಾತು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅರೆಬೆಂದರೆ ಬಾಯಿ, ಗಂಟಲು ತುರಿಸುತ್ತವೆ. ನಾವು ಪತ್ರೊಡೆಗೆ ಹುಣಸೆಹುಳಿ ಹಾಕುವುದು ಇದಕ್ಕೇ. ಲೌಲೌನಲ್ಲಿ ಹುಳಿ ಇಲ್ಲ, ಹೊತ್ತೇ ಎಲ್ಲ. ಹಬೆಯಲ್ಲಿ ನಾಲ್ಕು ಗಂಟೆ ಬೇಯಲಿ. ಮಾಂಸ ಮೆತ್ತಗಾಯಿತು ಅಂತ ಬೇಗ ಇಳಿಸಬೇಡಿ. ಎಲೆ ಕರಗಿ, ಕಡುಹಸಿರಾಗಿ, ಕೊಬ್ಬು ಹೀರಿ ಬೆಣ್ಣೆಯಂತಾಗಬೇಕು. ನಡುನಡುವೆ ನೀರು ನೋಡಿ, ಕಡಿಮೆಯಾದರೆ ಬಿಸಿನೀರನ್ನೇ ಹಾಕಿ. ತಣ್ಣೀರು ಹಾಕಿದರೆ ಹಬೆ ನಿಂತುಬಿಡುತ್ತದೆ.

ಜೊತೆಗೆ ಅವರು ಪೋಯಿ ಬಡಿಸುತ್ತಾರೆ. ಅದು ಬೇಯಿಸಿ ಜಜ್ಜಿದ ಕೆಸುವಿನ ಗೆಡ್ಡೆ. ಬಿಸಿ ಅನ್ನವೂ ಚೆನ್ನಾಗಿಯೇ ಹೊಂದುತ್ತದೆ. ಪೊಟ್ಟಣ ಉಳಿದರೆ ಬಿಚ್ಚದೆ ಫ್ರಿಜ್ಜಿನಲ್ಲಿಡಿ. ಮರುದಿನ ಒಳಗಿನವರೆಗೂ ಚೆನ್ನಾಗಿ ಬಿಸಿಯಾಗುವಂತೆ ಮತ್ತೆ ಹಬೆಗಿಟ್ಟರೆ ಆಯಿತು.