ಹಿನ್ನೀರಿನ ದಂಡೆಗೆ ಬೇಕಾದದ್ದು ಜೆಟ್ಟಿಯೇ?

ನಮಸ್ಕಾರ. ಶರಾವತಿ ಹಿನ್ನೀರಿನಲ್ಲಿ ದೋಣಿ ನಿಲ್ಲುವ ಜಾಗದ ಮಾತು ಬಂದಾಗಲೆಲ್ಲ ನಾವು ‘ಜೆಟ್ಟಿ’ ಎಂದು ಹೇಳಿ ಮುಗಿಸಿಬಿಡುತ್ತೇವೆ. ಪಿಯರ್, ವಾರ್ಫ್, ಕೀ, ಡಾಕ್, ಜೆಟ್ಟಿ ಎಂಬ ಇಂಗ್ಲಿಷ್ ಹೆಸರುಗಳು ಒಂದೊಂದು ಬಗೆಯ ಕಟ್ಟೋಣವನ್ನು ಸೂಚಿಸುವುದರಿಂದ, ಹೆಸರು ತಪ್ಪಿದರೆ ಕಾಮಗಾರಿಯ ಅಂದಾಜುಪಟ್ಟಿಯೂ ದಾರಿ ತಪ್ಪುತ್ತದೆ ಎಂಬುದು ನನ್ನ ವಾದ.

ಪಿಯರ್ ದಡದಿಂದ ನೀರಿನೊಳಕ್ಕೆ ಚಾಚಿರುತ್ತದೆ; ಸಾಮಾನ್ಯವಾಗಿ ಕಂಬಗಳ ಮೇಲೆ ನಿಲ್ಲುವುದರಿಂದ ಅದರಡಿ ನೀರು ಹರಿಯುತ್ತಲೇ ಇರುತ್ತದೆ. ಸೇತುವೆಯ ಕಂಬವನ್ನೂ ಇಂಜಿನಿಯರುಗಳು ಪಿಯರ್ ಎಂದೇ ಕರೆಯುವುದರಿಂದ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ವಾರ್ಫ್ ದಡದ ಉದ್ದಕ್ಕೂ ಸಾಗುತ್ತದೆ, ಹಡಗು ಅದಕ್ಕೆ ಮಗ್ಗುಲು ಕೊಟ್ಟು ನಿಂತು ಸರಕು ಇಳಿಸುತ್ತದೆ. ದಡದಗುಂಟ ಕಲ್ಲಿನ ಅಥವಾ ಕಾಂಕ್ರೀಟಿನ ಗೋಡೆ ಎಬ್ಬಿಸಿ, ಅದರ ಹಿಂದೆ ಮಣ್ಣು ತುಂಬಿ ಗಟ್ಟಿ ಮಾಡಿದರೆ ಅದು ಕೀ (quay). ಇದನ್ನು ‘ಕ್ವೇ’ ಎಂದು ಓದುವವರೇ ನಮ್ಮಲ್ಲಿ ಹೆಚ್ಚು!

ನಿಜವಾದ ತೊಡಕಿರುವುದು ಡಾಕ್‌ನಲ್ಲಿ. ಬ್ರಿಟಿಷರ ಬಳಕೆಯಲ್ಲಿ ಅದು ಕಟ್ಟೆಗಳ ನಡುವೆ ಹಡಗು ನಿಲ್ಲುವ ನೀರಿನ ಆವರಣ. ಮುಂಬೈಯ ಇಂದಿರಾ ಡಾಕ್ ಅಂಥದ್ದು. ಉಬ್ಬರವಿಳಿತಕ್ಕೆ ಒಳಗಿನ ಮಟ್ಟ ಏರುಪೇರಾಗದಂತೆ ಅದಕ್ಕೆ ಲಾಕ್ ಗೇಟುಗಳಿವೆ. ನೀರನ್ನು ಹೊರಹಾಕಿ ಹಡಗಿನ ತಳ ರಿಪೇರಿ ಮಾಡುವ ಜಾಗಕ್ಕೆ ಡ್ರೈ ಡಾಕ್ ಎಂಬ ಹೆಸರು ಬಂದಿರುವುದೂ ಈ ಅರ್ಥದಿಂದಲೇ. ಅಮೆರಿಕದಲ್ಲಿ ಮಾತ್ರ ಕೆರೆದಂಡೆಯ ಮರದ ಅಟ್ಟಣೆಯೂ ಡಾಕ್ ಆಗಿಬಿಡುತ್ತದೆ. ಜೆಟ್ಟಿಯ ಕಥೆಯೂ ಹೀಗೆಯೇ: ಅಲ್ಲಿ ಅದು ಬಹುಮಟ್ಟಿಗೆ ಅಳಿವೆಯ ಬಾಯಿಯನ್ನು ಕಾಯುವ ಕಲ್ಲಿನ ಒಡ್ಡು, ಇಲ್ಲಿ ಜನ ಹತ್ತಿಳಿಯುವ ಕಟ್ಟೆ. ಮಂಗಳೂರಿನ ಮೀನುಗಾರರು ತಮ್ಮ ಕಟ್ಟೆಯನ್ನು ‘ಧಕ್ಕೆ’ ಎನ್ನುತ್ತಾರೆ, ಮತ್ತು ಆ ಹೆಸರಿನಿಂದ ಅಲ್ಲಿ ಯಾರಿಗೂ ಗಲಿಬಿಲಿ ಆಗುವುದಿಲ್ಲ.

ಈಗ ನಮ್ಮ ಹಿನ್ನೀರಿಗೆ ಬರೋಣ. ಈ ಹಿನ್ನೀರನ್ನು ಹಿಡಿದಿಟ್ಟಿರುವ ಲಿಂಗನಮಕ್ಕಿ ಅಣೆಕಟ್ಟೆಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಆದರೆ ವಿದ್ಯುತ್ತಿಗಾಗಿ ನೀರು ಬಿಡುತ್ತ ಹೋದಂತೆ ಬೇಸಿಗೆಯಲ್ಲಿ ದಂಡೆ ಬಹುದೂರ ಹಿಂದೆ ಸರಿದು, ಮುಳುಗಿದ್ದ ಮರಗಳ ಬೊಡ್ಡೆಗಳು ಹೊರಗೆ ಕಾಣುತ್ತವೆ. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಗುವ ತನಕ ಹೊಳೆಬಾಗಿಲಿನಲ್ಲಿ ಲಾಂಚ್ ತನ್ನ ಮುಂದಿನ ಹಲಗೆಯನ್ನು ಇಳಿಜಾರಿನ ಮೇಲೆ ಇಳಿಸುತ್ತಿತ್ತು, ವಾಹನಗಳು ಅದರ ಮೇಲೆ ಹತ್ತಿ ಒಳಗೆ ಹೋಗುತ್ತಿದ್ದವು. ಅದು ಈ ಐದರಲ್ಲಿ ಯಾವುದೂ ಅಲ್ಲ, ರ‍್ಯಾಂಪ್. ನೀರು ತೀರಾ ತಗ್ಗಿದ ವರ್ಷಗಳಲ್ಲಿ ವಾಹನ ಸಾಗಣೆ ನಿಲ್ಲುತ್ತಿತ್ತು ನಿಜ, ಆದರೂ ಏರಿಳಿಯುವ ನೀರಿಗೆ ಹೊಂದುವ ಗುಣ ಇಳಿಜಾರಿಗಿದೆ.

ಪ್ರವಾಸಿ ದೋಣಿಗಳಿಗೆಂದು ಮುಂದೆ ಎಲ್ಲಾದರೂ ನಿಲುಗಡೆ ಕಟ್ಟುವುದಾದರೆ, ನೀರಿನ ಜೊತೆಗೇ ಏರಿಳಿಯುವ ತೇಲುವ ಪೊಂಟೂನನ್ನೂ, ದಡಕ್ಕೆ ಬಿಜಾಗರಿಯಿಂದ ಜೋಡಿಸಿದ ಕಾಲುಸೇತುವೆಯನ್ನೂ ಟೆಂಡರಿನಲ್ಲಿ ಹೆಸರಿಸಿಯೇ ಕೇಳಬೇಕು. ‘ಜೆಟ್ಟಿ’ ಎಂದಷ್ಟೇ ಬರೆದು, ಮಳೆಗಾಲದ ಮಟ್ಟ ನೋಡಿ ಕಾಂಕ್ರೀಟ್ ಗೋಡೆ ಕಟ್ಟಿಸಿದರೆ, ಏಪ್ರಿಲ್ ಹೊತ್ತಿಗೆ ಅದರ ಬುಡದಲ್ಲಿ ದನಗಳು ಮೇಯುತ್ತಿರುತ್ತವೆ.