ಹ್ಯಾಂಡಲ್ ಟೇಪ್: ಬೆಲೆಗಿಂತ ಬಿಗಿ ಮುಖ್ಯ

ಕೇಳುಗರಿಗೆ ನಮಸ್ಕಾರ.

ಸೈಕಲ್ ಬಗ್ಗೆ ಏನಾದರೂ ಮಾತಾಡಿ ಅಂತ ರೇಡಿಯೋದವರು ಕರೆದಾಗ ಗೇರ್ ಬಗ್ಗೆ ಹೇಳ್ತೀರಾ, ಬ್ರೇಕ್ ಬಗ್ಗೆ ಹೇಳ್ತೀರಾ ಎಂದು ಕೇಳಿದರು. ಹ್ಯಾಂಡಲ್‌ಗೆ ಸುತ್ತುವ ಟೇಪ್ ಬಗ್ಗೆ ಹೇಳ್ತೀನಿ ಅಂದೆ. ಅಷ್ಟು ಹೊತ್ತು ಅದರ ಬಗ್ಗೆ ಮಾತಾಡೋಕೆ ಏನಿದೆ ಅಂದರು. ಬಹಳ ಇದೆ. ನನಗೆ ಕೊಟ್ಟ ಸಮಯವೇ ಸಾಲದು.

ನಾನು ದಾವಣಗೆರೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಭಾನುವಾರ ಬೆಳಕು ಹರಿಯುವ ಮುಂಚೆ ಎದ್ದು ಕೊಂಡಜ್ಜಿ ಕಡೆಗೋ, ಸೂಳೆಕೆರೆ ಕಡೆಗೋ, ಹೈವೇ ಸರ್ವೀಸ್ ರಸ್ತೆ ಹಿಡಿದು ಚಿತ್ರದುರ್ಗದ ಕಡೆಗೋ ಹೊರಡುವ ಹುಡುಗ ಹುಡುಗಿಯರು ಈಗ ನಮ್ಮಲ್ಲಿ ಇದ್ದಾರೆ. ಬಾಗಿದ ಹ್ಯಾಂಡಲ್ ಇರುವ ರೋಡ್ ಬೈಕ್, ಅದೂ ಎಷ್ಟೋ ಸಲ ಸೆಕೆಂಡ್ ಹ್ಯಾಂಡ್. ಈ ಮಾತು ಅವರಿಗೆ. ಜೊತೆಗೆ ದುಡ್ಡು ಕೊಡುವ ಅವರ ಅಪ್ಪ ಅಮ್ಮಂದಿರಿಗೂ, ಯಾಕೆಂದರೆ ಹೋದ ತಿಂಗಳು ಕೊಂಡ ಟೇಪ್ ಈ ತಿಂಗಳು ಯಾಕೆ ಬಿಚ್ಚಿಕೊಂಡಿತು ಅಂತ ನನ್ನ ಅಂಗಡಿಗೆ ಬಂದು ಜೋರು ಮಾಡುವವರು ಅವರೇ.

ಯಾಕೆ ಬಿಚ್ಚಿಕೊಂಡಿತು ಅಂದರೆ, ಸಡಿಲ ಸುತ್ತಿದ್ದಕ್ಕೆ. ನಾನು ಇವತ್ತು ಹೇಳುವುದು ಇಷ್ಟೇ. ಎಳೆತ ಬಿಡಬೇಡಿ. ನಡುನಡುವೆ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಟೇಪ್ ಯಾಕೆ ಬೇಕು? ಹ್ಯಾಂಡಲ್ ಅಂದರೆ ಬರೀ ಅಲ್ಯೂಮಿನಿಯಂ ಪೈಪು. ಕೈ ಹಿಡಿಯುವ ಜಾಗದಲ್ಲಿ ಸುಮಾರು 24 ಮಿಲಿಮೀಟರ್ ದಪ್ಪ ಇರುತ್ತದೆ. ಕೈ ಬೆವರಿದರೆ ಜಾರುತ್ತದೆ. ರಸ್ತೆಯ ನಡುಕ ಎಲ್ಲಾ ನೇರ ಅಂಗೈಗೆ ಬರುತ್ತದೆ. ದೂರ ಹೋಗಿ ಬಂದ ಮೇಲೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತದೆ ಅಲ್ವಾ? ಅಂಗೈಯ ಕಿರುಬೆರಳಿನ ಕಡೆ ಒಂದು ನರ ಹೋಗುತ್ತದೆ, ಅದು ಪೈಪಿಗೆ ಒತ್ತಿ ಒತ್ತಿ ಹಾಗಾಗುತ್ತದೆ. ಫ್ರಾನ್ಸಿನಲ್ಲಿ ಪ್ಯಾರಿಸ್–ರೂಬೆ ಅಂತ ಒಂದು ರೇಸ್ ಇದೆ, 1896ರಲ್ಲಿ ಶುರುವಾದದ್ದು. ಕಲ್ಲು ಹಾಸಿದ ಹಳ್ಳಿ ರಸ್ತೆಯಲ್ಲಿ ಓಡಿಸುತ್ತಾರೆ. ಅಲ್ಲಿ ಎಷ್ಟೋ ಜನ ಟೇಪನ್ನು ಎರಡು ಪದರ ಸುತ್ತಿಕೊಂಡು ಹೋಗುತ್ತಾರೆ. ನಮ್ಮ ಕೆಲವು ಊರ ಒಳರಸ್ತೆ ನೋಡಿದರೆ ನಮಗೂ ಎರಡು ಪದರ ಬೇಕೇನೋ, ಇರಲಿ.

ಈಗ ಯಾವ ಟೇಪ್ ಕೊಳ್ಳಬೇಕು? ಹಿಂದೆ ಎಲ್ಲರೂ ಹತ್ತಿ ಬಟ್ಟೆಯ ಟೇಪ್ ಸುತ್ತುತ್ತಿದ್ದರು. ತೆಳ್ಳಗೆ ಇರುತ್ತದೆ, ಬೆವರು ಹೀರುತ್ತದೆ, ಆದರೆ ಮೆತ್ತಗೆ ಇರಲ್ಲ. 1980ರ ದಶಕದಲ್ಲಿ ಇಟಲಿಯ ಚಿನೆಲ್ಲಿ ಕಂಪನಿ ಕಾರ್ಕ್ ಟೇಪ್ ತಂದಿತು. ಮೆತ್ತನೆಯ ಫೋಮಿನಲ್ಲಿ ಕಾರ್ಕ್ ಮರದ ತೊಗಟೆಯ ಪುಡಿ ಬೆರೆಸಿ ಮಾಡುವ ಟೇಪ್ ಅದು. ಕೈಗೆ ಹಿತ. ಆದರೆ ಜೋರಾಗಿ ಎಳೆದರೆ ಫಟ್ ಅಂತ ಹರಿಯುತ್ತದೆ. ಈಗ ಜಾಸ್ತಿ ಬರುವುದು ಪಾಲಿಯುರೆಥೇನ್, ನಾವು ಪಿ.ಯು. ಅನ್ನುತ್ತೇವೆ. ಎಳೆದರೆ ಹಿಗ್ಗುತ್ತದೆ, ಹರಿಯಲ್ಲ, ಬೆವರಿದ ಕೈಗೂ ಹಿಡಿತ ಸಿಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಮೊದಲ ಸಲ ಸುತ್ತುವವರು ಸುಮ್ನೆ ಪಿ.ಯು. ತಗೊಳ್ಳಿ. ದಪ್ಪ ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಸಾಕು. ಕೈ ಚಿಕ್ಕದಿದ್ದವರು ಇನ್ನೂ ತೆಳ್ಳಗಿನದು ತಗೊಳ್ಳಿ. ದಪ್ಪ ಟೇಪ್ ಸುತ್ತಿದರೆ ಹಿಡಿತ ಸಿಗದೆ ಬೆರಳು ಸೋಲುತ್ತವೆ. ಚರ್ಮದ ಟೇಪೂ ಇದೆ, ಅದರ ಆಸೆ ಸದ್ಯಕ್ಕೆ ಬೇಡ.

ಬಣ್ಣ? ಕಪ್ಪು. ಮುಗೀತು. ಬಿಳಿ ಟೇಪ್ ಫೋಟೋದಲ್ಲಿ ಚೆಂದ. ಮಂಡಕ್ಕಿ ಮಿರ್ಚಿ ತಿಂದು ಅದೇ ಕೈಯಲ್ಲಿ ಹ್ಯಾಂಡಲ್ ಹಿಡಿಯುವ ಊರು ನಮ್ಮದು. ಬಿಳಿ ಬೇಡ.

ಬಿಳಿ ಅಂದ ಕೂಡಲೇ ಒಬ್ಬ ಹುಡುಗ ನೆನಪಾಗುತ್ತಾನೆ. ಇಂಜಿನಿಯರಿಂಗ್ ಓದುವವನು. ದುಬಾರಿ ಬಿಳಿ ಟೇಪ್ ತರಿಸಿಕೊಂಡು, ಮೊಬೈಲಲ್ಲಿ ವಿಡಿಯೋ ನೋಡಿ ತಾನೇ ಸುತ್ತಿದ್ದ. ಸೂಳೆಕೆರೆಗೆ ಹೋಗಿ ಬರುವಷ್ಟರಲ್ಲಿ ಟೇಪಿನ ಅಂಚೆಲ್ಲ ಸುರುಳಿ ಎದ್ದು, ಬ್ರೇಕ್ ಲಿವರ್ ಕೆಳಗೆ ಬಿಚ್ಚಿಕೊಂಡು ಜೋತಾಡುತ್ತಿತ್ತು. ಕೈಗೆಲ್ಲ ಅಂಟು. ಟೇಪ್ ಡೂಪ್ಲಿಕೇಟ್ ಅಂಕಲ್, ಬೇರೆ ಕೊಡಿ ಅಂತ ಬಂದ. ಜೊತೆಯಲ್ಲಿ ಅವನ ಅಜ್ಜಾರೂ ಬಂದಿದ್ದರು. ಅವರು ಇಲ್ಲಿನ ಹತ್ತಿ ಮಿಲ್ಲಿನಲ್ಲಿ ವೈಂಡಿಂಗ್ ಸೆಕ್ಷನ್‌ನಲ್ಲಿ ಇದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲದವರು. ದಾರವನ್ನು ಚಿಕ್ಕ ಬಾಬಿನ್‌ನಿಂದ ದೊಡ್ಡ ಕೋನಿಗೆ ಸುತ್ತುವ ಮಷಿನ್ ನೋಡಿಕೊಂಡೇ ಅವರ ವಯಸ್ಸು ಕಳೆದಿತ್ತು. ರೋಡ್ ಬೈಕ್ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ. ಸ್ಟೂಲ್ ಮೇಲೆ ಕೂತು ಹ್ಯಾಂಡಲ್ ನೋಡಿದವರೇ, "ಏನಲೇ ಇದು, ಕಾಲು ಮುರಿದ ಮೇಕೆಗೆ ಪಟ್ಟಿ ಕಟ್ಟಿದಂಗೆ ಕಟ್ಟೀಯಲ್ಲ" ಅಂದರು.

ಹುಡುಗನಿಗೆ ಸಿಟ್ಟು ಬಂತು. ಅಂಟು ಸರಿ ಇಲ್ಲ ಅಜ್ಜ ಅಂದ. ಅಜ್ಜಾರು, "ಅಂಟು ಯಾಕೋ ಬೇಕು? ಕೋನಿಗೆ ಅಂಟು ಹಚ್ತಿದ್ವಾ ನಾವು? ದಾರ ಸಡಿಲ ಆದ್ರೆ ಕೋನು ಕುಸೀತದ. ಬಿಗಿ ಜಾಸ್ತಿ ಆದ್ರೆ ದಾರ ಹರೀತದ. ನಡುವಿಂದು ಹಿಡೀಬೇಕು, ಹಿಡಿದದ್ದು ಬಿಡಬಾರದು" ಅಂದರು. ನಾನು ವರ್ಷಗಟ್ಟಲೆ ಗಿರಾಕಿಗಳಿಗೆ ಹೇಳುತ್ತಿದ್ದ ಮಾತು, ಅವರು ಎಷ್ಟು ಸಲೀಸಾಗಿ ಹೇಳಿಬಿಟ್ಟರು ನೋಡಿ.

ಆಮೇಲೆ ಅವರು ಮಾಡಿದ್ದು ನನಗೆ ಇನ್ನೂ ಇಷ್ಟವಾಯಿತು. ಟೇಪ್ ಬಿಚ್ಚಿಸಿದರು. ಮೊಮ್ಮಗನನ್ನು ಸೈಕಲ್ ಮೇಲೆ ಕೂರಿಸಿದರು, ನಾನು ಹಿಂದೆ ಹಿಡಿದುಕೊಂಡೆ. "ಕೈ ಎಲ್ಲಿ ಇಡ್ತೀ, ಇಡು. ಏರು ಹತ್ತುವಾಗ ಹೆಂಗೆ ಹಿಡೀತೀ, ಹಿಡಿ" ಅಂದರು. ಅವನು ಮೇಲಿನ ಅಡ್ಡ ಪೈಪ್ ಹಿಡಿದು ಎಳೆದು ತೋರಿಸಿದ. ಅಜ್ಜಾರು ಬಗ್ಗಿ ಅವನ ಮುಂಗೈಯನ್ನೇ ನೋಡಿದರು. ಮೇಲೆ ಹಿಡಿದಾಗ ಅಂಗೈ ಟೇಪನ್ನು ತನ್ನ ಎದೆಯ ಕಡೆಗೆ ಎಳೆಯುತ್ತದೆ. ಕೆಳಗಿನ ಬಾಗಿದ ತುದಿ ಹಿಡಿದಾಗ ಕೈ ಹೊರಗಡೆಗೆ ತಿರುಗುತ್ತದೆ. "ಕೈ ಯಾವ ಕಡೆ ತಿರುಗ್ತದೋ ಆ ಕಡೆಗೇ ಸುತ್ತು. ಹಿಡಿದಷ್ಟೂ ಬಿಗಿ ಆಗ್ತದ. ಉಲ್ಟಾ ಸುತ್ತಿದ್ರೆ ನೀನೇ ಬಿಚ್ಕೊಂತ ಹೋಗ್ತೀ" ಅಂದರು. ಈ ವಿಷಯ ಒಳ್ಳೆ ಮೆಕ್ಯಾನಿಕ್ ಪುಸ್ತಕಗಳಲ್ಲಿ ಚಿತ್ರ ಹಾಕಿ ಬರೆದಿರುತ್ತಾರೆ. ಇವರು ಹುಡುಗನ ಕೈ ನೋಡಿ ಹೇಳಿದರು.

ಬಲಗಡೆ ತಾವು ಸುತ್ತಿದರು. ಎಡಗಡೆ ಮೊಮ್ಮಗನ ಕೈಯಲ್ಲಿ ಸುತ್ತಿಸಿದರು. ಟೇಪಿನ ಸುರುಳಿ ಅವನ ಕೈಯಲ್ಲಿ, ಹಿಂದಿನ ಸುತ್ತಿನ ಮೇಲೆ ಅಜ್ಜಾರ ಹೆಬ್ಬೆರಳು. ಎಳೆತ ಸ್ವಲ್ಪ ಸಡಿಲ ಆಯಿತೋ, ಅವನ ಮಣಿಕಟ್ಟಿಗೆ ಒಂದು ಏಟು. ಅವನು ಫೋನ್ ಬಂತು ಅಂತ ಒಂದು ಕೈ ಬಿಟ್ಟಾಗ ಮೂರು ಸುತ್ತು ಬಿಚ್ಚಿಸಿ ಮತ್ತೆ ಸುತ್ತಿಸಿದರು. ಎರಡು ಟೀ ಆಯಿತು, ಅಂಗಡಿಗೆ ಬಂದ ಇಬ್ಬರು ಗಿರಾಕಿಗಳೂ ಪಂಕ್ಚರ್ ಮರೆತು ನೋಡುತ್ತಾ ನಿಂತರು. ಆ ಟೇಪ್ ಅದೇ ಹಳೇ ಟೇಪು, ಆ ಹುಡುಗ ಡೂಪ್ಲಿಕೇಟ್ ಅಂದದ್ದೇ. ಮಳೆಗಾಲ ಕಳೆದರೂ ಅಲುಗಾಡಲಿಲ್ಲ. ಕೊಳೆ ಮಾತ್ರ ಆಗಿತ್ತು, ಬಿಳಿ ಅಲ್ವಾ.

ಈ ಕಥೆಯಲ್ಲೇ ಜಾಸ್ತಿ ಹೊತ್ತು ಹೋಯಿತು. ಈಗ ಸುತ್ತುವ ಕ್ರಮ ಬೇಗ ಬೇಗ ಹೇಳಿಬಿಡುತ್ತೇನೆ.

ಹಳೇ ಟೇಪ್ ಬಿಚ್ಚಿ. ಅಂಟು ಇದ್ದರೆ ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಒಣಗಲಿ. ಬ್ರೇಕ್ ಮತ್ತು ಗೇರ್ ಕೇಬಲ್ ಪೈಪಿಗೆ ಒತ್ತಿ ಕೂರುವಂತೆ ಅಲ್ಲಲ್ಲಿ ಇನ್ಸುಲೇಷನ್ ಟೇಪ್ ಹಾಕಿ. ಲಿವರ್ ಮೇಲಿನ ರಬ್ಬರನ್ನು ಮಡಚಿ ಮೇಲೆ ಮಾಡಿ. ಕೈ ತೊಳೆದುಕೊಳ್ಳಿ, ಇದನ್ನು ಯಾರೂ ಮಾಡಲ್ಲ.

ಶುರು ಮಾಡುವುದು ಕೆಳಗಿನ ತುದಿಯಿಂದ. ಮೇಲಿನಿಂದಲ್ಲ. ಕೆಳಗಿಂದ ಸುತ್ತುತ್ತಾ ಬಂದರೆ ಪ್ರತಿ ಸುತ್ತು ಕೆಳಗಿನ ಸುತ್ತಿನ ಅಂಚನ್ನು ಮುಚ್ಚುತ್ತದೆ. ಕೈ ಮೇಲಿಂದ ಕೆಳಗೆ ಒತ್ತಿದರೂ ಅಂಚು ಏಳಲ್ಲ. ಆ ಹುಡುಗ ಮೇಲಿಂದ ಕೆಳಕ್ಕೆ ಸುತ್ತಿದ್ದ, ಅದಕ್ಕೇ ಅಂಚೆಲ್ಲ ಸುರುಳಿ ಎದ್ದಿತ್ತು. ಮೊದಲ ಸುತ್ತಿನಲ್ಲಿ ಟೇಪಿನ ಅರ್ಧ ಅಗಲ ಪೈಪಿನಿಂದ ಆಚೆ ಬಿಡಿ, ಅದನ್ನು ಆಮೇಲೆ ಒಳಕ್ಕೆ ಮಡಚಿ, ಪೈಪಿನ ಬಾಯಿ ಮುಚ್ಚುವ ಬಿರಡೆ, ಅಂದರೆ ಪ್ಲಗ್ ಹಾಕುತ್ತೇವೆ. ನೀವು ಸೈಕಲ್ ಮೇಲೆ ಕೂತಿದ್ದೀರಿ ಅಂದುಕೊಳ್ಳಿ. ಕೆಳಗಿನ ತುದಿಯಲ್ಲಿ ಟೇಪ್ ಪೈಪಿನ ಮೇಲಿಂದ ಹಾಯುವಾಗ ಒಳಗಿಂದ ಹೊರಕ್ಕೆ ಹೋಗಬೇಕು. ಬಲಗಡೆ ಆದರೆ ಬಲಕ್ಕೆ, ಎಡಗಡೆ ಆದರೆ ಎಡಕ್ಕೆ. ಒಂದು ಸುತ್ತು ಹಿಂದಿನ ಸುತ್ತಿನ ಮೂರನೇ ಒಂದು ಭಾಗದ ಮೇಲಾದರೂ ಕೂರಬೇಕು. ಬಾಗಿದ ಜಾಗದಲ್ಲಿ ಹೊರಗಡೆ ಪೈಪ್ ಕಾಣಿಸಿಬಿಡುತ್ತದೆ, ಅಲ್ಲಿ ಅರ್ಧದವರೆಗೂ ಕೂರಿಸಿ. ಎಳೆತ ಬಿಡಬೇಡಿ.

ಲಿವರ್ ಹತ್ತಿರ ಬಂದಾಗ ಎಲ್ಲರೂ ಎಡವುತ್ತಾರೆ. ಡಬ್ಬಿಯಲ್ಲಿ ಎರಡು ಚಿಕ್ಕ ತುಂಡು ಇರುತ್ತವಲ್ಲ, ಅವು ಲಿವರನ್ನು ಪೈಪಿಗೆ ಬಿಗಿಯುವ ಪಟ್ಟಿಯ ಹಿಂಭಾಗ ಮುಚ್ಚಲು. ಅದನ್ನು ಅಂಟಿಸಿ ನೇರವಾಗಿ ಸುತ್ತಿಕೊಂಡು ಹೋಗಬಹುದು. ನಾನು ಹಾಗೆ ಮಾಡಲ್ಲ. ಲಿವರ್ ಸುತ್ತ ಇಂಗ್ಲಿಷಿನ ಎಂಟರ ಅಂಕಿ ಬರೆದ ಹಾಗೆ ಟೇಪ್ ತಿರುಗಿಸುತ್ತೇನೆ. ಹಾಗೆ ಮಾಡಿದಾಗ ಸುತ್ತುವ ದಿಕ್ಕು ತಾನಾಗಿಯೇ ಬದಲಾಗುತ್ತದೆ. ಕೆಳಗೆ ಹೊರಕ್ಕೆ ಹೋಗುತ್ತಿದ್ದ ಟೇಪು ಮೇಲಿನ ಅಡ್ಡ ಪೈಪಿನಲ್ಲಿ ಎದುರಿಂದ ನಿಮ್ಮ ಎದೆಯ ಕಡೆಗೆ ಬರುತ್ತದೆ. ಅಜ್ಜಾರು ಹೇಳಿದ್ದು ಇದೇ ತಾನೇ? ಚಿತ್ರದುರ್ಗದವರು ಜೋಗಿಮಟ್ಟಿ ಏರು ಹತ್ತುವಾಗ ಮೇಲಿನ ಪೈಪನ್ನೇ ಹಿಡಿದು ಎಳೆಯುತ್ತಾರೆ, ಅವರಿಗಂತೂ ಇದು ಬೇಕೇ ಬೇಕು.

ಸ್ಟೆಮ್, ಅಂದರೆ ಹ್ಯಾಂಡಲನ್ನು ನಡುವೆ ಹಿಡಿದು ಸೈಕಲ್‌ಗೆ ಕೂಡಿಸುವ ಭಾಗ, ಅದರ ಹತ್ತಿರ ಬಂದಾಗ ಟೇಪಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಕೊನೆಯ ಸುತ್ತು ನೇರ ಗೆರೆಯಲ್ಲಿ ನಿಲ್ಲುತ್ತದೆ. ಅದರ ಮೇಲೆ ಇನ್ಸುಲೇಷನ್ ಟೇಪ್ ಎರಡು ಮೂರು ಸುತ್ತು. ನೋಡಿ, ಇದೊಂದು ಜಾಗದಲ್ಲಿ ಮಾತ್ರ ಎಳೀಬೇಡಿ. ಇನ್ಸುಲೇಷನ್ ಟೇಪಿನ ಕೊನೇ ಸುತ್ತನ್ನು ಎಳೆದು ಅಂಟಿಸಿದರೆ ಬಿಸಿಲಿಗೆ ಅದು ಮೆಲ್ಲಗೆ ಹಿಂದಕ್ಕೆ ಸರಿದು ಅಂಟಂಟಾಗುತ್ತದೆ. ಸುಮ್ನೆ ಇಟ್ಟು ಒತ್ತಿ.

ಪ್ಲಗ್ ಬಗ್ಗೆ ಒಂದು ಮಾತು. ಹ್ಯಾಂಡಲ್ ತುದಿಯ ಪ್ಲಗ್ ಬಿದ್ದುಹೋದರೆ ಆಮೇಲೆ ಹಾಕೋಣ ಅಂತ ಓಡಾಡುತ್ತಾರೆ. ಬಾಯಿ ತೆರೆದ ಪೈಪಿನ ಮೇಲೆ ಬಿದ್ದರೆ ಅದು ತೊಡೆಗೋ ಹೊಟ್ಟೆಗೋ ನೆಟ್ಟುಬಿಡುತ್ತದೆ. ಪ್ಲಗ್ ಇಲ್ಲದ ಸೈಕಲ್ ಮನೆಯಿಂದ ಹೊರಗೆ ತೆಗೀಬೇಡಿ. ಪ್ಲಗ್ ಸಡಿಲ ಇದ್ದರೆ ಒಳಗೆ ಮಡಚಿದ ಟೇಪ್ ಸಾಲದು ಅಂತ ಅರ್ಥ, ಇನ್ನೊಂದಿಷ್ಟು ಒಳಗೆ ತುರುಕಿ ಅಂಗೈಯಿಂದ ಗುದ್ದಿ.

ಟೇಪ್ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಬಿಚ್ಚಿ. ಬೆವರಿನ ಉಪ್ಪು ಟೇಪ್ ಒಳಗೆ ಇಳಿದು ಅಲ್ಯೂಮಿನಿಯಂ ಪೈಪನ್ನು ತಿನ್ನುತ್ತದೆ. ಬಿಳಿ ಪುಡಿ, ಸಣ್ಣ ಗುಳಿ, ಬಿರುಕು ಕಂಡರೆ ಹ್ಯಾಂಡಲ್ಲೇ ಬದಲಿಸಬೇಕು, ಟೇಪ್ ಸುತ್ತಿ ಮುಚ್ಚುವುದಲ್ಲ.

ಇನ್ನು ನೀವು ಮೊದಲ ಸಲ ಸುತ್ತುವಾಗ ಒಂದು ಕಡೆ ಸ್ಟೆಮ್ ತಲುಪುವ ಮುಂಚೆಯೇ ಟೇಪ್ ಮುಗಿದುಹೋಗುತ್ತದೆ. ಸುತ್ತುಗಳನ್ನು ತೀರಾ ಒತ್ತೊತ್ತಾಗಿ ಕೂರಿಸಿದ್ದೀರಿ, ಇಲ್ಲವೇ ಎಳೆತ ಸಾಲದಾಗಿದೆ. ಅಂಗಡಿಗೆ ಬಂದು ಟೇಪ್ ಗಿಡ್ಡ ಇದೆ ಅನ್ನಬೇಡಿ. ಪಿ.ಯು. ಟೇಪ್ ಆದರೆ ಮೆಲ್ಲಗೆ ಬಿಚ್ಚಿ ಮತ್ತೆ ಕೆಳಗಿಂದ ಶುರು ಮಾಡಿ, ಈ ಸಲ ಎಳೆದು ಸುತ್ತಿ. ನಮಸ್ಕಾರ.